ಅಡಿಕೆಯನ್ನು ಪರೀಕ್ಷೆಗೆ ಕೊಡಲು ನಾವೇಕೆ ಹಿಂಜರಿಯಬೇಕು?



ಮಳೆಗಾಲಕ್ಕೆ ಮುಂಚೆ ನರಸಿಂಹರಾಜಪುರದಲ್ಲಿ ಎಲೆಚುಕ್ಕೆ ರೋಗದ ಬಗ್ಗೆ ಬೆಳೆಗಾರರ ಸಭೆಯೊಂದಿತ್ತು. ಯಾವ ಔಷಧಿ, ಎಷ್ಟು ಪ್ರಮಾಣ, ಯಾವಾಗ ಸಿಂಪಡಿಸಬೇಕು ಎಂಬುದನ್ನೆಲ್ಲ ಹೇಳಿ ಮುಗಿಸಿ ಕಾಫಿ ಕುಡಿಯುತ್ತಿದ್ದಾಗ ಹಿರಿಯರೊಬ್ಬರು ಎಲೆ ಅಡಿಕೆಯ ಚೀಲ ಬಿಚ್ಚುತ್ತ ಹತ್ತಿರ ಬಂದರು. "ಎಲೆಗೆ ಚುಕ್ಕೆ ಬಂದದ್ದಕ್ಕೆ ಔಷಧಿ ಹೇಳಿದಿರಿ. ಅಡಿಕೆಯ ಹೆಸರಿಗೇ ಚುಕ್ಕೆ ಬಿದ್ದಿದೆಯಲ್ಲ ಸಾರ್, ಅದಕ್ಕೇನು ಹೊಡೆಯೋಣ? ಯಾವುದೋ ದೇಶದಲ್ಲಿ ಇಲಿಯ ಜೀವಕೋಶಕ್ಕೆ ಅಡಿಕೆ ರಸ ಹಾಕಿದರಂತೆ, ಅದು ಕೆಟ್ಟಿತಂತೆ. ಇಲಿಯ ಹೊಟ್ಟೆಗೂ ನಮ್ಮ ಹೊಟ್ಟೆಗೂ ಏನು ಸಂಬಂಧ?" ಎಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. "ಅದರ ಬಗ್ಗೆ ಇನ್ನೂ ಸಂಶೋಧನೆ ಆಗಬೇಕು" ಎಂದು ಹೇಳಿ ಜೀಪು ಹತ್ತಿದೆ.

ಆ ಮಾತು ಸುಳ್ಳಲ್ಲ. ಆದರೆ ಉತ್ತರವೂ ಅಲ್ಲ. ಬಾಳೆಹೊನ್ನೂರು ದಾಟುವವರೆಗೂ ಅದೇ ಮನಸ್ಸನ್ನು ಕೊರೆಯುತ್ತಿತ್ತು. ಅವರು ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರಿಸುವುದು ಈ ಲೇಖನದ ಉದ್ದೇಶ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬೇಸಾಯಶಾಸ್ತ್ರದವನು, ವೈದ್ಯನಲ್ಲ. ನನ್ನ ಓದಿನ ಖರ್ಚು ಬಂದದ್ದು ಅಡಿಕೆ ತೋಟದಿಂದ. ಇಂದೂ ಮನೆಯಲ್ಲಿ ಅಣ್ಣ ಅಡಿಕೆಯನ್ನೇ ನಂಬಿದ್ದಾನೆ. ನನ್ನ ಮಾತನ್ನು ತೂಗುವಾಗ ಇದನ್ನೂ ತಕ್ಕಡಿಗೆ ಹಾಕಿಕೊಳ್ಳಿ.

ಸಭೆಯಲ್ಲಿ ಕೇಳಿದ ಆ "ಕೆಡುವಿಕೆ"ಯ ಹಿಂದೆ ಹಲವು ವಸ್ತುಗಳಿವೆ. ಅವುಗಳಲ್ಲಿ ಮುಖ್ಯವಾದ ಒಂದು ಗುಂಪಿಗೆ ನೈಟ್ರೊಸಮೀನ್ ಎಂದು ಹೆಸರು. ಇವು ಕಾರ್ಖಾನೆಯಲ್ಲಿ ಮಾತ್ರ ಹುಟ್ಟುವ ವಿಷಗಳಲ್ಲ. ನೈಟ್ರೈಟ್ ಎಂಬ ಲವಣವೂ ಅಮೀನ್ ಎಂಬ ಜಾತಿಯ ಸಾರಜನಕ ವಸ್ತುವೂ ತಕ್ಕ ಸನ್ನಿವೇಶದಲ್ಲಿ ಸೇರಿದರೆ ಎಲ್ಲಿ ಬೇಕಾದರೂ ಹುಟ್ಟುತ್ತವೆ: ಹೊಗೆಸೊಪ್ಪನ್ನು ಹದ ಮಾಡುವ ಮನೆಯಲ್ಲಿ, ಕೆಡದಂತೆ ನೈಟ್ರೈಟ್ ಹಾಕಿದ ಮಾಂಸದಲ್ಲಿ, ನಮ್ಮ ಬಾಯಲ್ಲಿ, ಹೊಟ್ಟೆಯಲ್ಲಿ. 1956ರಲ್ಲಿ ಇಂಗ್ಲೆಂಡಿನ ಮ್ಯಾಗೀ ಮತ್ತು ಬಾರ್ನ್ಸ್ ಎಂಬ ವಿಜ್ಞಾನಿಗಳು ಇವುಗಳಲ್ಲಿ ಅತಿ ಸರಳವಾದ ಡೈಮೀಥೈಲ್ ನೈಟ್ರೊಸಮೀನನ್ನು, ಹತ್ತು ಲಕ್ಷ ಭಾಗ ಆಹಾರಕ್ಕೆ 50 ಭಾಗದಂತೆ ಬೆರೆಸಿ ಇಲಿಗಳಿಗೆ ತಿನ್ನಿಸಿದರು. ವರ್ಷ ತುಂಬುವುದರೊಳಗೆ ಇಲಿಗಳ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆಗಳು ಎದ್ದವು. 1960ರ ದಶಕದ ಆರಂಭದಲ್ಲಿ ನಾರ್ವೆ ದೇಶದಲ್ಲಿ ಕುರಿಗಳೂ ತುಪ್ಪಳಕ್ಕಾಗಿ ಸಾಕಿದ ಪ್ರಾಣಿಗಳೂ ಯಕೃತ್ತು ಕೆಟ್ಟು ಸತ್ತವು. ಹುಡುಕಿ ನೋಡಿದರೆ, ಮೇವಿಗೆ ಬೆರೆಸಿದ್ದ ಮೀನಿನ ಹಿಟ್ಟು ಕೆಡದಿರಲೆಂದು ನೈಟ್ರೈಟ್ ಹಾಕಿದ್ದರು; ಮೀನಿನ ಅಮೀನಿನೊಡನೆ ಅದು ಸೇರಿ ಅದೇ ಡೈಮೀಥೈಲ್ ನೈಟ್ರೊಸಮೀನ್ ಆಗಿತ್ತು. ಮೊನ್ನೆ ಮೊನ್ನೆ, 2019ರಲ್ಲಿ, ಹೊಟ್ಟೆ ಉರಿಗೆ ನಾವೆಲ್ಲ ನುಂಗುತ್ತಿದ್ದ ರ‍್ಯಾನಿಟಿಡಿನ್ ಮಾತ್ರೆಯಲ್ಲಿಯೂ ಇದೇ ವಸ್ತು ಸಿಕ್ಕಿ ಜಗತ್ತಿನೆಲ್ಲೆಡೆ ಗದ್ದಲವಾಯಿತು.

ಈಗ ಅಡಿಕೆಗೆ ಬರೋಣ. ಅಡಿಕೆ ಜಗಿದಾಗ ಮೈ ಬೆಚ್ಚಗಾಗುವುದು, ಬೆವರುವುದು, ಜೊಲ್ಲು ಸುರಿಯುವುದು ಅದರಲ್ಲಿರುವ ಅರೆಕೊಲಿನ್ ಎಂಬ ಕ್ಷಾರವಸ್ತುವಿನಿಂದ. ಹಿಂದೆ ಪಶುವೈದ್ಯರು ನಾಯಿಗಳ ಹೊಟ್ಟೆಯ ಲಾಡಿಹುಳುವಿಗೆ ಕೊಡುತ್ತಿದ್ದ ಔಷಧಿ ಇದೇ. ಇತ್ತ ನಮ್ಮ ಜೊಲ್ಲಿನಲ್ಲಿ ನೈಟ್ರೈಟ್ ಸದಾ ಇರುತ್ತದೆ. ಸೊಪ್ಪು, ತರಕಾರಿ, ಕುಡಿಯುವ ನೀರಿನಿಂದ ಬಂದ ನೈಟ್ರೇಟನ್ನು ಜೊಲ್ಲಿನ ಗ್ರಂಥಿಗಳು ಬಾಯಿಗೆ ಬಿಡುತ್ತವೆ. ಬಾಯೊಳಗಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅರೆಕೊಲಿನ್ ಜೊತೆ ಇದು ಸೇರಿದರೆ ಅಡಿಕೆಗೇ ವಿಶಿಷ್ಟವಾದ ಕೆಲವು ನೈಟ್ರೊಸಮೀನುಗಳು ಹುಟ್ಟುತ್ತವೆಂದು 1983ರಲ್ಲಿ ಅಮೆರಿಕದಲ್ಲಿ ಗಾಜಿನ ಪಾತ್ರೆಯಲ್ಲಿ ಮಾಡಿ ತೋರಿಸಿದರು. 1985ರಲ್ಲಿ ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ ನಡೆಸಿದ ಅಧ್ಯಯನದಲ್ಲಿ, ಅವುಗಳಲ್ಲೊಂದಾದ ನೈಟ್ರೊಸೊಗುವಾಕೊಲಿನ್ ಎಲೆ ಅಡಿಕೆ ಹಾಕುವವರ ಜೊಲ್ಲಿನಲ್ಲಿಯೇ ಸಿಕ್ಕಿತು. 1987ರಲ್ಲಿ ಇನ್ನೊಂದೂ ಸಿಕ್ಕಿತು. ಎಂ.ಎನ್.ಪಿ.ಎನ್. ಎಂದು ಚುಟುಕಾಗಿ ಕರೆಯುವ ಈ ಎರಡನೆಯದು ಸಾಧಾರಣ ವಸ್ತುವಲ್ಲ. ಇಲಿಗಳಿಗೆ ಚುಚ್ಚಿದಾಗ ಅನ್ನನಾಳದಲ್ಲಿ, ಮೂಗಿನ ಒಳಭಾಗದಲ್ಲಿ ಗಡ್ಡೆ ಬರಿಸಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. "ಯೂರಿಯಾ ಹಾಕುವುದರಿಂದಲೇ ಅಡಿಕೆಯಲ್ಲಿ ಇದೆಲ್ಲ ಬಂತು, ನಮ್ಮ ಅಜ್ಜಂದಿರ ಕಾಲದ ಅಡಿಕೆಯಲ್ಲಿ ಇರಲಿಲ್ಲ" ಎಂದು ಕೊಪ್ಪದ ಸಂತೆಯಲ್ಲಿ ಕೇಳಿದ್ದೇನೆ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸಿಗೂ ಈ ಮಾತಿಗೂ ಸಂಬಂಧವಿಲ್ಲ. ಅರೆಕೊಲಿನ್ ಅಡಿಕೆಯ ಹುಟ್ಟುಗುಣ. ನೈಟ್ರೊಸಮೀನ್ ಮುಖ್ಯವಾಗಿ ಆಗುವುದು ಬಾಯಲ್ಲಿ. ಅಜ್ಜನ ಅಡಿಕೆಯಲ್ಲೂ ಅರೆಕೊಲಿನ್ ಇತ್ತು, ಅಜ್ಜನ ಬಾಯಲ್ಲೂ ನೈಟ್ರೈಟ್ ಇತ್ತು.

ಇನ್ನು ಪರೀಕ್ಷೆಯ ವಿಷಯ. ಡಿ.ಎನ್.ಎ. ಎಂಬುದು ಪ್ರತಿ ಜೀವಕೋಶದೊಳಗೆ ಇರುವ ಪಹಣಿ ಎಂದುಕೊಳ್ಳಿ. ಜೀವಕೋಶ ಒಂದು ಎರಡಾಗುವಾಗ ಆ ಪಹಣಿಯ ನಕಲು ಆಗಲೇಬೇಕು. ನೈಟ್ರೊಸಮೀನ್ ತಾನೇ ತಾನಾಗಿ ಹೆಚ್ಚು ಹಾನಿ ಮಾಡದು. ಯಕೃತ್ತು ಮೊದಲಾದ ಅಂಗಗಳ ಕಿಣ್ವಗಳು ಅದನ್ನು ಒಡೆದು ಹೊರಹಾಕಲು ಹೊರಟಾಗ ನಡುವೆ ಒಂದು ಚುರುಕಾದ ತುಣುಕು ಹುಟ್ಟಿ ಡಿ.ಎನ್.ಎ.ಯ ಒಂದು ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ ಅಕ್ಷರವನ್ನು ನಕಲು ಮಾಡುವಾಗ ಜೀವಕೋಶ ಬೇರೆ ಅಕ್ಷರವೆಂದು ಓದುತ್ತದೆ. ಸರ್ವೆ ನಂಬರಿನ ಒಂದು ಅಂಕಿ ತಪ್ಪಾಗಿ ಬರೆದರೆ ಮುಂದಿನ ಎಲ್ಲ ನಕಲುಗಳಲ್ಲೂ ಅದೇ ತಪ್ಪು ಬರುವುದಿಲ್ಲವೇ, ಹಾಗೆ. ಜೀವಕೋಶದೊಳಗೆ ತಿದ್ದುಪಡಿಯ ವ್ಯವಸ್ಥೆಯೂ ಇದೆ, ಅದು ನಮ್ಮ ತಾಲ್ಲೂಕು ಕಚೇರಿಗಿಂತ ಬಹಳ ಬೇಗ ಕೆಲಸ ಮಾಡುತ್ತದೆ. ಆದರೂ ದಿನವೂ ತಪ್ಪುಗಳು ಬೀಳುತ್ತಲೇ ಇದ್ದರೆ ಕೆಲವು ಉಳಿದುಹೋಗುತ್ತವೆ. ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಸಾಲಿನಲ್ಲೇ ತಪ್ಪು ಉಳಿದರೆ ಅದು ಕ್ಯಾನ್ಸರಿಗೆ ದಾರಿ.

ಈ ತಪ್ಪನ್ನು ಕಣ್ಣಿಗೆ ಕಾಣುವಂತೆ ಮಾಡುವುದೇ ಪರೀಕ್ಷೆ. 1970ರ ದಶಕದಲ್ಲಿ ಅಮೆರಿಕದ ಬ್ರೂಸ್ ಏಮ್ಸ್ ಬ್ಯಾಕ್ಟೀರಿಯಾಗಳಲ್ಲಿ ಇದನ್ನು ನೋಡುವ ವಿಧಾನ ಕಂಡುಹಿಡಿದರು; ಇಲಿಯ ಯಕೃತ್ತಿನ ರಸವನ್ನೂ ಜೊತೆಗೆ ಹಾಕುವುದು ಅದರ ಜಾಣತನ. ಆದರೆ ಬ್ಯಾಕ್ಟೀರಿಯಾ ಪ್ರಾಣಿಯಲ್ಲವಲ್ಲ. ಆದ್ದರಿಂದ ಪ್ರಾಣಿಯ ಜೀವಕೋಶಗಳಲ್ಲೂ ನೋಡುತ್ತಾರೆ. ಹ್ಯಾಮ್‌ಸ್ಟರ್ ಎಂಬ, ಇಲಿಯ ಬಳಗದ ಪುಟ್ಟ ಪ್ರಾಣಿಯ ಅಂಡಾಶಯದಿಂದ 1957ರ ಸುಮಾರಿಗೆ ತೆಗೆದ ಜೀವಕೋಶಗಳ ಸಂತತಿಯನ್ನು ಇಂದಿಗೂ ಪ್ರಯೋಗಾಲಯಗಳಲ್ಲಿ ಗಾಜಿನ ತಟ್ಟೆಗಳಲ್ಲಿ ಬೆಳೆಸುತ್ತಾರೆ. ಅವುಗಳ ವರ್ಣತಂತುಗಳು ಕಡಮೆ ಸಂಖ್ಯೆಯವು, ದೊಡ್ಡವು. ಎಣಿಸಲು, ಮುರಿದದ್ದನ್ನು ಗುರುತಿಸಲು ಸುಲಭ. ಒಂದು ತಟ್ಟೆಗೆ ಏನೂ ಹಾಕುವುದಿಲ್ಲ. ಇನ್ನೊಂದಕ್ಕೆ ಖಂಡಿತ ಹಾನಿ ಮಾಡುತ್ತದೆಂದು ಗೊತ್ತಿರುವ ವಸ್ತು. ಉಳಿದವಕ್ಕೆ ಪರೀಕ್ಷಿಸಬೇಕಾದ ವಸ್ತು, ಸ್ವಲ್ಪದಿಂದ ಹೆಚ್ಚಿಗೆ ಏರಿಸುತ್ತ. ಇದು ನಿಮಗೆ ಹೊಸತಲ್ಲ. ಗೊಬ್ಬರದ ಪ್ರಯೋಗದಲ್ಲಿ ಗೊಬ್ಬರ ಹಾಕದ ತಾಕು, ಶಿಫಾರಸಿನ ತಾಕು, ಅದರ ಅರ್ಧ, ಅದರ ಒಂದೂವರೆ ಪಟ್ಟು ಎಂದು ನಾವು ಮಾಡುವುದಿಲ್ಲವೇ? ಅದೇ ವ್ಯವಸಾಯ, ಗಾಜಿನ ತಟ್ಟೆಯಲ್ಲಿ. ಪ್ರಮಾಣ ಏರಿದಂತೆ ಹಾನಿಯೂ ಏರಿದರೆ ಮಾತ್ರ ನಂಬುತ್ತಾರೆ.

ಹಾನಿ ಅಳೆಯಲು ಹಲವು ಉಪಾಯಗಳಿವೆ. ಸುಂದರವಾದದ್ದು ಧೂಮಕೇತು ಪರೀಕ್ಷೆ. 1984ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ 1988ರಲ್ಲಿ ಸುಧಾರಿಸಿದ ವಿಧಾನ ಇದು. ಜೀವಕೋಶಗಳನ್ನು ಗಾಜಿನ ಮೇಲೆ ತೆಳ್ಳನೆಯ ಅಗರ್ ಪದರದಲ್ಲಿ ಹುದುಗಿಸಿ, ಅವುಗಳ ಹೊದಿಕೆ ಕರಗಿಸಿ, ವಿದ್ಯುತ್ ಹರಿಸುತ್ತಾರೆ. ಇಡಿಯಾಗಿರುವ ಡಿ.ಎನ್.ಎ. ಇದ್ದಲ್ಲೇ ದುಂಡಗೆ ಉಳಿಯುತ್ತದೆ. ಮುರಿದ ಚೂರುಗಳು ವಿದ್ಯುತ್ತಿನ ಸೆಳೆತಕ್ಕೆ ಬಾಲದಂತೆ ಹಿಂದೆ ಚಾಚುತ್ತವೆ. ಬಾಲ ಉದ್ದವಾದಷ್ಟೂ, ದಟ್ಟವಾದಷ್ಟೂ ಹಾನಿ ಹೆಚ್ಚು. ಇನ್ನೊಂದು ವಿಧಾನದಲ್ಲಿ ಜೀವಕೋಶ ಇಬ್ಭಾಗವಾಗುವಾಗ ಮುಖ್ಯ ಕೇಂದ್ರಕ್ಕೆ ಸೇರದೆ ಹೊರಗುಳಿದ ವರ್ಣತಂತುವಿನ ಚೂರುಗಳನ್ನು, ಅಂದರೆ ಮರಿ ಕೇಂದ್ರಕಗಳನ್ನು, ಎಣಿಸುತ್ತಾರೆ. ಇದನ್ನು ಮನುಷ್ಯನ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು ತೆಗೆದ ಜೀವಕೋಶಗಳಲ್ಲಿಯೂ ನೋಡಬಹುದು. ರಕ್ತ ತೆಗೆಯುವ ಗೋಜೂ ಇಲ್ಲ.

ಅಡಿಕೆಯ ವಿಷಯದಲ್ಲಿ ಇವು ಏನು ಹೇಳಿವೆ? 1982ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಇಬ್ಬರು ವಿಜ್ಞಾನಿಗಳು ಅರೆಕೊಲಿನ್ ಸುಂಡಿಲಿಯ ಮೂಳೆಮಜ್ಜೆಯ ವರ್ಣತಂತುಗಳನ್ನು ಮುರಿಯುತ್ತದೆಂದು ತೋರಿಸಿದರು. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ವರ್ಷ ಕೆನಡಾದ ಹಾನ್ಸ್ ಸ್ಟಿಚ್ ಎಂಬವರು ಮಾಡಿದ ಕೆಲಸ. ಅವರು ಅಂಗಡಿಯ ರಾಸಾಯನಿಕ ತಂದು ಸುರಿಯಲಿಲ್ಲ. ಅಡಿಕೆ ಜಗಿಯುವವರ ಜೊಲ್ಲನ್ನೇ ತೆಗೆದುಕೊಂಡರು. ಜಗಿಯುವುದಕ್ಕೆ ಮುಂಚಿನ ಜೊಲ್ಲು ಹ್ಯಾಮ್‌ಸ್ಟರಿನ ಜೀವಕೋಶಗಳಿಗೆ ಏನೂ ಮಾಡಲಿಲ್ಲ. ಅದೇ ಜನ ಜಗಿದ ಬಳಿಕದ ಜೊಲ್ಲು ವರ್ಣತಂತುಗಳನ್ನು ಮುರಿಯಿತು. 1989ರಲ್ಲಿ ಸ್ಟಾಕ್‌ಹೋಮಿನಲ್ಲಿ ಮನುಷ್ಯನ ಕೆನ್ನೆಯ ಜೀವಕೋಶಗಳ ಮೇಲೆಯೇ ಅಡಿಕೆಗೆ ಸಂಬಂಧಿಸಿದ ವಸ್ತುಗಳನ್ನು ಹಾಕಿ ನೋಡಿದರು. ಆಗಲೂ ಡಿ.ಎನ್.ಎ. ಮುರಿಯಿತು, ಹೆಚ್ಚು ಮುರಿದದ್ದು ಅಡಿಕೆಯ ನೈಟ್ರೊಸಮೀನುಗಳಲ್ಲೊಂದು.

ಹೀಗಾಗಿ "ಇಲಿಗೆ ಆನೆಗೆ ಹಾಕುವಷ್ಟು ಹಾಕಿದರೆ ಕೆಡದೆ ಇನ್ನೇನು" ಎಂಬ ನಮ್ಮ ವಾಡಿಕೆಯ ಆಕ್ಷೇಪಣೆ ಎಲ್ಲ ಕಡೆಯೂ ನಿಲ್ಲುವುದಿಲ್ಲ. ಶುದ್ಧ ರಾಸಾಯನಿಕ ಸುರಿದ ಪ್ರಯೋಗಗಳ ಮಟ್ಟಿಗೆ ಅದು ಸರಿ; ಅಲ್ಲಿನ ಪ್ರಮಾಣ ಬಾಯಲ್ಲಿ ಇರುವುದಕ್ಕಿಂತ ಹೆಚ್ಚೇ ಇರುತ್ತದೆ. ಆದರೆ ಜಗಿದವನ ಜೊಲ್ಲಿನ ಪ್ರಮಾಣವನ್ನು ನಿಗದಿ ಮಾಡಿದವನು ವಿಜ್ಞಾನಿಯಲ್ಲ, ಜಗಿದವನೇ. ನರಸಿಂಹರಾಜಪುರದ ಹಿರಿಯರಿಗೆ ನಾನು ಹೇಳಬೇಕಾಗಿದ್ದುದು ಇದನ್ನು. ಡಿ.ಎನ್.ಎ.ಯ ಲಿಪಿ ಇಲಿಗೂ ನಮಗೂ ಒಂದೇ. ಹಾಗೆಂದು ಇಲಿಯ ಜೀವಕೋಶ ಕೆಟ್ಟರೆ ಮನುಷ್ಯನಿಗೆ ಕ್ಯಾನ್ಸರ್ ಬಂದೇ ಬರುತ್ತದೆ ಎಂದು ಅರ್ಥವಲ್ಲ. ಆ ಪರೀಕ್ಷೆ ಬಾಗಿಲು ತೆರೆದಿದೆಯೇ ಎಂದು ಹೇಳುತ್ತದೆ. ಎಷ್ಟು ಜನರ ಮನೆಗೆ ಕಳ್ಳ ನುಗ್ಗಿದ ಎಂಬುದನ್ನು ಜನರನ್ನೇ ಲೆಕ್ಕ ಹಾಕಿ ನೋಡಬೇಕು.

ಆ ಲೆಕ್ಕವೂ ನಮ್ಮ ಪರವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆ ಅಡಿಕೆ ಕ್ಯಾನ್ಸರ್ ತರುತ್ತದೆ, ಹೊಗೆಸೊಪ್ಪಿಲ್ಲದ್ದರ ಬಗ್ಗೆ ಸಾಕಷ್ಟು ಸಾಕ್ಷ್ಯವಿಲ್ಲ ಎಂದಿತ್ತು. ನಾವು ಇಂದಿಗೂ ಅದೇ ಮಾತನ್ನು ಹಿಡಿದುಕೊಂಡಿದ್ದೇವೆ: "ಕೆಟ್ಟದ್ದು ಹೊಗೆಸೊಪ್ಪು, ಅಡಿಕೆಯಲ್ಲ." ಆದರೆ ಆ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯನ್ನೂ ಅಡಿಕೆಯನ್ನೂ ಮೊದಲನೆಯ ವರ್ಗಕ್ಕೆ ಸೇರಿಸಿತು. ಕಾರಣ ಮುಖ್ಯವಾಗಿ ತೈವಾನ್. ಅಲ್ಲಿ ಹಸಿ ಅಡಿಕೆಯನ್ನು ಸುಣ್ಣದೊಡನೆ ಜಗಿಯುತ್ತಾರೆ, ಹೊಗೆಸೊಪ್ಪು ಬೆರೆಸುವ ರೂಢಿಯಿಲ್ಲ. ಆದರೂ ಬಾಯಿಯ ಕ್ಯಾನ್ಸರ್ ಇದೆ. ಬಾಯಿಯ ಒಳಪೊರೆ ನಾರುಗಟ್ಟಿ ಬಾಯಿ ತೆರೆಯಲಾಗದಂತೆ ಮಾಡುವ ರೋಗವಂತೂ ನೇರವಾಗಿ ಅಡಿಕೆಯದೇ. 2021ರಲ್ಲಿ ಪ್ರಕಟವಾದ ಸಂಪುಟದಲ್ಲಿ ಅರೆಕೊಲಿನ್ನನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಕ್ಯಾನ್ಸರ್ ತರುವ ಸಾಧ್ಯತೆ ಇದೆ ಎಂಬ ಕೆಳಗಿನ ವರ್ಗದಲ್ಲಿ ಇಟ್ಟರು. ವರ್ಗವೆಂದರೆ ವಿಷದ ತೀಕ್ಷ್ಣತೆಯಲ್ಲ, ಸಾಕ್ಷ್ಯದ ಗಟ್ಟಿತನ ಎಂಬುದನ್ನು ಮರೆಯಬಾರದು. ಮೊದಲನೆಯ ವರ್ಗದಲ್ಲಿ ಹೆಂಡವೂ ಇದೆ, ಬಿಸಿಲೂ ಇದೆ. 2024ರಲ್ಲಿ ಅದೇ ಸಂಸ್ಥೆ ಹೊರತಂದ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 1,20,200 ಬಾಯಿ ಕ್ಯಾನ್ಸರ್ ಪ್ರಕರಣಗಳು ಜಗಿಯುವ ಹೊಗೆಸೊಪ್ಪು ಅಥವಾ ಅಡಿಕೆಯಿಂದ ಬಂದವು. ಅವುಗಳಲ್ಲಿ 83,400 ನಮ್ಮ ದೇಶದ್ದು. ಇದರಲ್ಲಿ ಹೊಗೆಸೊಪ್ಪಿನ ಪಾಲು ಎಷ್ಟು, ಅಡಿಕೆಯ ಪಾಲು ಎಷ್ಟು ಎಂದು ವಾದಿಸಬಹುದು. ಆದರೆ ಇಷ್ಟು ಬಾಯಿಗಳನ್ನು ಮುಂದಿಟ್ಟುಕೊಂಡು ವಾದಿಸುವಾಗ ದನಿ ತಗ್ಗಿರಬೇಕು ಎಂದು ನನ್ನ ಭಾವನೆ.

ನಮ್ಮ ಮೂರು ತಾಲ್ಲೂಕುಗಳ ಕಷ್ಟ ನನಗೆ ತಿಳಿಯದೆ ಇಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಎಷ್ಟೋ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತ ಬಂದಿದೆ. ಅದಕ್ಕೆ ಖಚಿತವಾದ ಔಷಧಿ ಇಂದಿಗೂ ಇಲ್ಲ. ಅದರ ಮೇಲೆ ಎಲೆಚುಕ್ಕೆ. ಹೀಗಿರುವಾಗ "ಅಡಿಕೆ ಜೀವಕೋಶವನ್ನು ಕೆಡಿಸುತ್ತದೆ" ಎಂಬ ಸುದ್ದಿ ಬಂದರೆ ಗಾಯದ ಮೇಲೆ ಉಪ್ಪು ಸವರಿದಂತೆ. ಸುಳ್ಳೆಂದು ಕೂಗಬೇಕೆನಿಸುವುದು ಸಹಜ. ಕೂಗುವುದಕ್ಕೆ ವೇದಿಕೆಗಳೂ ಬೇಕಾದಷ್ಟಿವೆ. ವಿಜ್ಞಾನಿಗಳಾದ ನಾವೂ ಅಂಥ ವೇದಿಕೆಯ ಮೇಲೆ ಕುಳಿತು ಅಡಿಕೆಯ ಔಷಧಿ ಗುಣಗಳನ್ನಷ್ಟೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇವೆ. ಔಷಧಿ ಗುಣ ಇರುವುದು ನಿಜ. ಒಂದೇ ವಸ್ತುವಿಗೆ ಎರಡೂ ಗುಣ ಇರಬಾರದೆಂಬ ನಿಯಮವೇನಿಲ್ಲ.

ಮಲೆನಾಡು ಸೂಕ್ಷ್ಮದರ್ಶಕವನ್ನು ನಂಬಿ ಕೆಟ್ಟ ಉದಾಹರಣೆ ನನಗೆ ಗೊತ್ತಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗದ ಕಾಯಿಯನ್ನು ಪರೀಕ್ಷಿಸಿ ಇದು ಶಿಲೀಂಧ್ರದ ಕೆಲಸವೆಂದು ತೋರಿಸಿದರು, 1910ರಲ್ಲಿ ಅದನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣ ಬಂದದ್ದು ಆ ದಾರಿಯಿಂದ. ಕೊನೆಗಳಿಗೆ ಕೊಟ್ಟೆ ಕಟ್ಟಿ ಕಾಯುತ್ತಿದ್ದ ನಾವು ಇಂದು ಮಳೆಗಾಲಕ್ಕೆ ಮುಂಚೆ ಶೇಕಡ ಒಂದರ ದ್ರಾವಣ ಸಿಂಪಡಿಸಿ ನಿಶ್ಚಿಂತೆಯಾಗಿರುತ್ತೇವೆ. ಸೂಕ್ಷ್ಮದರ್ಶಕ ಫಸಲು ಉಳಿಸುವ ಸುದ್ದಿ ಹೇಳಿದಾಗ ನಂಬಿದವರು, ಅದೇ ಸೂಕ್ಷ್ಮದರ್ಶಕ ಅಹಿತವಾದ ಸುದ್ದಿ ಹೇಳಿದಾಗ ಮುಖ ತಿರುಗಿಸುವುದು ನ್ಯಾಯವಲ್ಲ.

ಆದರೆ ನನ್ನ ಮುಖ್ಯ ಮಾತು ಇದಲ್ಲ. ಮೇಲಿನ ಪರೀಕ್ಷೆಗಳಲ್ಲಿ ನಮ್ಮ ಅಡಿಕೆ ಎಲ್ಲಿದೆ? ತೈವಾನಿನವರು ಜಗಿಯುವುದು ಹಸಿ ಕಾಯಿ. ದಕ್ಷಿಣ ಕನ್ನಡದ ಚಾಲಿ ಹಣ್ಣಡಿಕೆಯನ್ನು ಬಿಸಿಲಿನಲ್ಲಿ ಒಣಗಿಸಿದ್ದು. ಕೊಪ್ಪ, ಶೃಂಗೇರಿಯ ನಾವು ಎಳೆಯ ಕಾಯಿಯನ್ನು ಸುಲಿದು, ಚೊಗರಿನ ನೀರಿನಲ್ಲಿ ಬೇಯಿಸಿ, ಒಣಗಿಸಿ, ಹಸ, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ವಿಂಗಡಿಸುತ್ತೇವೆ. ಬೇಯಿಸಿದಾಗ ಅರೆಕೊಲಿನ್ ಸಾಕಷ್ಟು ನೀರಿಗೆ ಇಳಿದುಹೋಗುತ್ತದೆ ಎಂಬುದು ಹಳೆಯ ವಿಶ್ಲೇಷಣೆಗಳಿಂದ ತಿಳಿದ ವಿಷಯ. ಹಾಗಾದರೆ ನಮ್ಮ ಕೆಂಪಡಿಕೆ ಜಗಿದವನ ಜೊಲ್ಲು ಹಸಿ ಅಡಿಕೆ ಜಗಿದವನ ಜೊಲ್ಲಿನಷ್ಟೇ ಹಾನಿ ಮಾಡುತ್ತದೆಯೇ, ಕಡಮೆಯೇ? ಕಡಮೆ ಇರಬಹುದು. ಆದರೆ ಅದೇ ಚೊಗರನ್ನು ಮತ್ತೆ ಮತ್ತೆ ಬಳಸಿ, ಬತ್ತಿಸಿ, ಬಣ್ಣ ಬರಲೆಂದು ಅಡಿಕೆಗೇ ಲೇಪಿಸುತ್ತೇವಲ್ಲ. ಇಳಿದುಹೋದದ್ದು ಅಲ್ಲಿ ಹಿಂದಿರುಗಿ ಬರುವುದಿಲ್ಲವೇ? ಎಳೆ ಕಾಯಿಯಲ್ಲಿ ಒಗರು, ಅಂದರೆ ಟ್ಯಾನಿನ್, ಹೆಚ್ಚು. ಸುಣ್ಣದೊಡನೆ ಸೇರಿದಾಗ ಅದೂ ಡಿ.ಎನ್.ಎ.ಗೆ ಬೇರೆ ದಾರಿಯಿಂದ ಪೆಟ್ಟು ಕೊಡುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ವೇದಿಕೆಯ ಮೇಲಿಲ್ಲ, ಗಾಜಿನ ತಟ್ಟೆಯಲ್ಲಿದೆ. ಪರೀಕ್ಷೆ ಬೇಡವೆನ್ನುವುದು ನಮ್ಮ ಪರವಾಗಿ ಇರಬಹುದಾದ ಒಬ್ಬ ಸಾಕ್ಷಿಯನ್ನೇ ಕೋರ್ಟಿನಿಂದ ಹೊರಗಿಟ್ಟಂತೆ.

ಹೊಗೆಸೊಪ್ಪಿನವರಿಂದ ಈ ವಿಷಯದಲ್ಲಿ ಒಂದು ಪಾಠವಿದೆ. ಹೊಗೆಸೊಪ್ಪಿನ ನೈಟ್ರೊಸಮೀನುಗಳು ಅಡಿಕೆಯವಕ್ಕಿಂತ ಚೆನ್ನಾಗಿ ಗುರುತಿಸಲ್ಪಟ್ಟವು. ಎರಡು ಈಗಾಗಲೇ ಮೊದಲನೆಯ ವರ್ಗದಲ್ಲಿವೆ. ಅಮೆರಿಕದಲ್ಲಿ ಎಲೆ ಒಣಗಿಸುವ ಮನೆಗಳೊಳಗೆ ನೇರವಾಗಿ ಗ್ಯಾಸ್ ಉರಿಸುತ್ತಿದ್ದರು. ಆ ಉರಿಯ ಸಾರಜನಕದ ಆಕ್ಸೈಡುಗಳೇ ಎಲೆಯ ಕ್ಷಾರವಸ್ತುಗಳೊಡನೆ ಸೇರಿ ನೈಟ್ರೊಸಮೀನ್ ಆಗುತ್ತಿವೆ ಎಂದು ಪರೀಕ್ಷೆಯಿಂದ ತಿಳಿಯಿತು. 2000ದ ಸುಮಾರಿಗೆ ಅಲ್ಲಿನ ರೈತರು ಉರಿಯ ಅನಿಲ ಎಲೆಗೆ ತಾಗದಂತೆ ಶಾಖ ಮಾತ್ರ ಒಳಗೆ ಹೋಗುವ ವ್ಯವಸ್ಥೆ ಹಾಕಿಸಿದರು. ಆ ಎಲೆಯಲ್ಲಿ ನೈಟ್ರೊಸಮೀನ್ ಬಹಳ ಇಳಿಯಿತು. ಹೊಗೆಸೊಪ್ಪು ಅದರಿಂದ ಅಮೃತವಾಗಲಿಲ್ಲ, ಅದು ಈಗಲೂ ಕೊಲ್ಲುತ್ತದೆ. ಆದರೆ ಯಾವ ಹಂತದಲ್ಲಿ ಏನು ಹುಟ್ಟುತ್ತದೆ ಎಂದು ಅಳೆದದ್ದರಿಂದ ಸಂಸ್ಕರಣೆಯಲ್ಲಿ ಒಂದು ಬದಲಾವಣೆ ಸಾಧ್ಯವಾಯಿತು.

ಅಡಿಕೆ ಮತ್ತು ಆರೋಗ್ಯದ ಬಗ್ಗೆ ಸಂಶೋಧನೆಗೆ ಕೇಂದ್ರ ಸರ್ಕಾರ ಹಣ ಒದಗಿಸಿದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅದರ ಮುಂದಾಳು. ಒಳ್ಳೆಯದು. ಆದರೆ ಬೆಳೆಗಾರರ ಸಂಘಗಳು ಇದನ್ನು "ಅಡಿಕೆಯನ್ನು ನಿರ್ದೋಷಿ ಎಂದು ಸಾಬೀತು ಮಾಡುವ ಯೋಜನೆ" ಎಂಬಂತೆ ಮಾತನಾಡುವುದನ್ನು ಕೇಳಿದ್ದೇನೆ. ತೀರ್ಪು ಮೊದಲೇ ಬರೆದಿಟ್ಟು ವಿಚಾರಣೆ ನಡೆಸಿದರೆ ಹೊರಗಿನವರು ನಂಬುವುದಿಲ್ಲ, ಹಾಗೆ ಬಂದ ನಿರ್ದೋಷಿ ಪಟ್ಟಕ್ಕೆ ಬೆಲೆಯೂ ಇಲ್ಲ. ನಾವು ಕೇಳಬೇಕಾದ್ದು ಬೇರೆ. ಪರೀಕ್ಷಿಸುವವನಿಗೆ ಯಾವ ತಾಲ್ಲೂಕಿನ, ಯಾವ ಬಗೆಯ ಅಡಿಕೆ ಎಂದು ತಿಳಿಯದಂತೆ ಸಂಖ್ಯೆ ಹಾಕಿದ ಪೊಟ್ಟಣಗಳಲ್ಲಿ ಕೊಡಬೇಕು. ಹಸಿ, ಚಾಲಿ, ಬೇಯಿಸಿದ ಕೆಂಪು, ಚೊಗರು ಬಳಿದದ್ದು, ಬಳಿಯದ್ದು, ಅಂಗಡಿಯ ಸಿಹಿ ಅಡಿಕೆ ಪುಡಿ ಎಲ್ಲವೂ ಒಂದೇ ವಿಧಾನದಲ್ಲಿ ಪರೀಕ್ಷೆಯಾಗಬೇಕು. ಒಂದಕ್ಕಿಂತ ಹೆಚ್ಚು ಪ್ರಯೋಗಾಲಯಗಳಲ್ಲಿ ಆಗಬೇಕು. ಸುಲಿಯುವ ಮನೆಗಳಲ್ಲಿ ದಿನವಿಡೀ ಜಗಿಯುವವರ, ಜಗಿಯದವರ ಕೆನ್ನೆಯ ಜೀವಕೋಶಗಳನ್ನು ಅವರ ಒಪ್ಪಿಗೆ ಪಡೆದು ಹೋಲಿಸಬೇಕು. ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತೇವೆಂದು ಮೊದಲೇ ಹೇಳಬೇಕು. ಈ ಕೊನೆಯದಕ್ಕೆ ಧೈರ್ಯ ಬೇಕು.

"ಕೆಟ್ಟ ಫಲಿತಾಂಶ ಬಂದರೆ ನಾವು ಬದುಕುವುದು ಹೇಗೆ?" ಎಂದು ಕೇಳುವಿರಿ. ಫಲಿತಾಂಶ ಪ್ರಕಟಿಸದಿದ್ದರೆ ಹಾನಿ ನಿಲ್ಲುವುದಿಲ್ಲ, ಬೇರೆಯವರು ಹೇಳುವವರೆಗೆ ನಮಗೆ ತಿಳಿಯುವುದಿಲ್ಲ ಅಷ್ಟೆ. ಹಳದಿ ಎಲೆ ರೋಗದ ತೋಟಗಳಲ್ಲಿ ಈಗಾಗಲೇ ಕಾಳುಮೆಣಸು, ಕಾಫಿ, ಜಾಯಿಕಾಯಿ, ಕೋಕೋ ಏರಿವೆ. ರೋಗಕ್ಕಾಗಿ ಮಾಡಿದ್ದನ್ನು ಮಾರುಕಟ್ಟೆಯ ಅಪಾಯಕ್ಕಾಗಿಯೂ ಮಾಡುವುದು ವಿವೇಕ. ಹೊಸದಾಗಿ ಗದ್ದೆ ಬಯಲನ್ನೆಲ್ಲ ಅಡಿಕೆಗೆ ಹಾಕುತ್ತಿರುವವರಿಗೆ ನಾನು ಬೇಡವೆನ್ನುತ್ತೇನೆ. ಇಂದು ನೆಟ್ಟ ಸಸಿ ಫಲ ಕೊಡುವುದು ಐದಾರು ವರ್ಷಕ್ಕೆ, ಬಾಳುವುದು ನಿಮ್ಮ ಮಗನ ಕಾಲಕ್ಕೆ. ಆ ಹೊತ್ತಿಗೆ ಜಗತ್ತು ಅಡಿಕೆಯನ್ನು ಇಂದಿನಂತೆಯೇ ಕೊಳ್ಳುತ್ತದೆಂಬ ಭರವಸೆಯನ್ನು ಯಾವ ಸಂಘವೂ ಕೊಡಲಾರದು.

ಮನೆಯ ಮಟ್ಟಿಗೆ ಮಾಡಬಹುದಾದ ಕೆಲವನ್ನು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಮಾಡಿ. ಮಕ್ಕಳ ಕೈಗೆ ಸಿಹಿ ಅಡಿಕೆ ಪೊಟ್ಟಣ ಕೊಡಬೇಡಿ. ಹೊಗೆಸೊಪ್ಪು ಸೇರಿಸುವವರು ಇಂದೇ ಬಿಡಿ. ನಮ್ಮ ರಾಜ್ಯದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾದರೂ ಎರಡು ಪೊಟ್ಟ, ಒಂದು ಬಾಯಿ ಎಂಬ ವ್ಯಾಪಾರ ನಿಂತಿಲ್ಲ. ಜಗಿಯುವ ಅಭ್ಯಾಸವಿದ್ದವರು ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಸೇರದಿದ್ದರೆ, ಖಾರ ತಿಂದಾಗ ಬಾಯಿ ಉರಿದರೆ, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಕಲೆ, ವಾಸಿಯಾಗದ ಹುಣ್ಣು ಕಂಡರೆ ಅಡಿಕೆ ಬಿಟ್ಟು ದಂತವೈದ್ಯರನ್ನು ಕಾಣಿ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂರುವ ಹೆಣ್ಣಾಳುಗಳಿಗೂ ಇದನ್ನು ಹೇಳಿ; ಅವರಿಗೆ ನಾವು ಕೂಲಿಯ ಜೊತೆ ಎಲೆ ಅಡಿಕೆಯನ್ನೂ ಮರ್ಯಾದೆಯಿಂದ ಮುಂದಿಡುತ್ತೇವೆ, ಈ ಮಾತನ್ನು ಮಾತ್ರ ಹೇಳಿಲ್ಲ.

ಪರೀಕ್ಷೆಗೆ ಮಾದರಿ ಕೇಳಿಕೊಂಡು ಯಾವ ಸಂಶೋಧಕರಾದರೂ ನಿಮ್ಮ ಅಂಗಳಕ್ಕೆ ಬಂದರೆ ಹಿಂದೆ ಕಳುಹಿಸಬೇಡಿ. ಅಂಗಡಿಗೆ ತೋರಿಸುವಂತೆ ಆರಿಸಿದ ಅಡಿಕೆ ಕೊಡಬೇಡಿ, ಮೂಟೆಯ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದು ಬೆರೆಸಿ ಕೊಡಿ. ಚೆನ್ನಾಗಿ ಒಣಗಿರಲಿ, ಬೂಷ್ಟು ಹಿಡಿದಿದ್ದರೆ ಅಫ್ಲಟಾಕ್ಸಿನ್ ಎಂಬ ಇನ್ನೊಂದು ವಿಷ ಸೇರಿಕೊಂಡು ಅಡಿಕೆಯ ಲೆಕ್ಕವೇ ತಪ್ಪುತ್ತದೆ. ಪೊಟ್ಟಣದೊಳಗೆ ಒಂದು ಚೀಟಿಯಲ್ಲಿ ತಳಿ, ಕೊನೆ ಇಳಿಸಿದ ದಿನ, ಕಾಯಿ ಎಷ್ಟು ಬಲಿತಿತ್ತು, ಎಷ್ಟು ಹೊತ್ತು ಬೇಯಿಸಿದಿರಿ, ಚೊಗರು ಎಷ್ಟನೆಯ ಸಲದ್ದು, ಬಣ್ಣಕ್ಕೆ ಏನಾದರೂ ಹಾಕಿದಿರಾ ಎಂಬುದನ್ನು ಇದ್ದಂತೆ ಬರೆದಿಡಿ. ಚೀಟಿಯ ಒಂದು ನಕಲು ನಿಮ್ಮ ಹತ್ತಿರವೂ ಇರಲಿ.